ಕಂಬದಮ್ಮನ ಸ್ಕ್ಯಾನು

“ಒಂಚೂರು ಅಲ್ಲಾಡಿದ್ರೂ ಚಿತ್ರ ಕೆಟ್ಟುಹೋಗತ್ತಮ್ಮ. ಮತ್ತೆ ಮೊದಲಿಂದ ಶುರು ಮಾಡಬೇಕಾಗತ್ತೆ,” ಎಂದ ಸ್ಕ್ಯಾನಿನವನು, ಅವಳ ಮೊಣಕೈ ಮಡಿಕೆಯಲ್ಲಿ ಕೂರಿಸಿದ್ದ ಸೂಜಿಯ ಮೇಲೆ ಪ್ಲಾಸ್ಟರನ್ನು ಹೆಬ್ಬೆರಳಿನಿಂದ ಒತ್ತುತ್ತ.

ಕಿರಿದಾದ ಮೇಜಿನ ಮೇಲೆ ಅಂಗಾತ ಮಲಗಿದ್ದವಳಿಗೆ ನಗು ಬಂತು. ನಕ್ಕರೂ ಹೊಟ್ಟೆ ಕುಲುಕಲಿಲ್ಲ. ತುಟಿಯ ಕೊನೆ ಮಾತ್ರ ಒಂದಿಷ್ಟು ಮೇಲೆ ಹೋಯಿತು.

“ಯಾಕಮ್ಮ ನಗ್ತೀರಿ?”

“ನನಗೆ ಅಲ್ಲಾಡಬೇಡಿ ಅಂದ್ರಲ್ಲ, ಅದಕ್ಕೆ.”

ಬಾಗಿಲ ಬಳಿ ಅಕ್ಕನ ಚಪ್ಪಲಿ, ಕನ್ನಡಕ, ಸ್ವೆಟರು ಎಲ್ಲವನ್ನೂ ಎದೆಗೆ ಅವುಚಿಕೊಂಡು ನಿಂತಿದ್ದ ತಂಗಿ ಬಾಯಿ ಹಾಕಿದಳು. “ನಮ್ಮಕ್ಕನ ಕೆಲಸಾನೇ ಅದು ಸಾರ್. ಚಿತ್ರಕಲಾ ಶಾಲೇಲಿ ಕೂರ್ತಾಳೆ. ಮಕ್ಕಳು ಇವಳನ್ನ ನೋಡಿ ನೋಡಿ ಬರೀತಾರೆ, ಮಣ್ಣಲ್ಲಿ ಮಾಡ್ತಾರೆ. ಸುಮ್ಮನೆ ಕೂರೋದಕ್ಕೆ ಸಂಬಳ.”

“ಸುಮ್ಮನೆ ಕೂರೋದಕ್ಕೆ ಸಂಬಳ ತಗೊಳ್ಳೋರು ನಮ್ಮ ಆಫೀಸಲ್ಲೂ ಇದ್ದಾರೆ ಬಿಡಿ.”

“ಅವರು ಮಾತಾಡ್ತಾ ಕೂತಿರ್ತಾರೆ. ನಾನು ಮಾತೂ ಆಡಲ್ಲ,” ಎಂದಳು ಮೇಜಿನ ಮೇಲಿದ್ದವಳು.

ಅದು ಬರೀ ಜಂಬದ ಮಾತಲ್ಲ. ಶಾಲೆಯಲ್ಲಿ ಎಲ್ಲರೂ ಅವಳನ್ನು ಕಂಬದಮ್ಮ ಎನ್ನುತ್ತಿದ್ದರು, ಅದೂ ಎದುರಿಗೇ. ಒಮ್ಮೆ ತರಗತಿ ನಡೆಯುತ್ತಿರುವಾಗ ಬೆಂಕಿಯ ಗಂಟೆ ಹೊಡೆದುಕೊಂಡು, ಮೇಷ್ಟ್ರ ಸಮೇತ ಎಲ್ಲರೂ ಎದ್ದೆನೋ ಬಿದ್ದೆನೋ ಅಂತ ಮೆಟ್ಟಿಲಿಳಿದು ಓಡಿದ್ದರು. ಏನೂ ಇಲ್ಲ, ಗಂಟೆಯೇ ಕೆಟ್ಟಿತ್ತು. ಏದುಸಿರು ಬಿಡುತ್ತ ವಾಪಸು ಬಂದು ನೋಡಿದರೆ ಇವಳು ಗಲ್ಲಕ್ಕೆ ಕೈ ಊರಿ, ಕಿಟಕಿಯ ಕಡೆ ಮುಖ ಮಾಡಿ, ಬಿಟ್ಟುಹೋದ ಹಾಗೆಯೇ ಕೂತಿದ್ದಾಳೆ. “ಓಡೋದಲ್ವೇನ್ರೀ!” ಎಂದು ಮೇಷ್ಟ್ರು ಕೂಗಾಡಿದರೆ, “ನೀವು ಸಾಕು ಅನ್ನಲಿಲ್ಲವಲ್ಲ ಮೇಷ್ಟ್ರೇ,” ಅಂದಳಂತೆ. ಆ ಕೋಣೆಯ ಪದ್ಧತಿಯೇ ಹಾಗೆ. ಕೂತವರು ತಾವಾಗಿ ಏಳುವ ಹಾಗಿಲ್ಲ. ಮೇಷ್ಟ್ರು ಕೈ ತಟ್ಟಿ ಸಾಕು ಅನ್ನಬೇಕು, ಆಮೇಲೆ ಕತ್ತು ತಿರುಗಿಸಬಹುದು, ಆಕಳಿಸಬಹುದು, ಜೋಮು ಹಿಡಿದ ಕಾಲನ್ನು ನೆಲಕ್ಕೆ ಕುಟ್ಟಬಹುದು. ಬೇರೆಯವರು ಕೂತರೆ ಮಧ್ಯೆ ಮಧ್ಯೆ ಕೆಮ್ಮುತ್ತಾರೆ, ಮೂಗು ತುರಿಸಿಕೊಳ್ಳುತ್ತಾರೆ. ಕಂಬದಮ್ಮ ಒಂದು ದಿನವೂ ಹಾಗೆ ಮಾಡಿದವಳಲ್ಲ.

ಈಗ ಅವಳ ಎಡ ಕಿಡ್ನಿಯ ಮೇಲೆ ಒಂದು ಗಂಟು ಕಂಡಿತ್ತು. ಅದು ಎಂಥದ್ದು, ಎಷ್ಟು ಆಳ, ಕತ್ತರಿ ಹಾಕಬಹುದೋ ಬೇಡವೋ ಎಂದು ತಿಳಿಯಲು ದೊಡ್ಡ ಡಾಕ್ಟರು ಡೈ ಹಾಕಿ ಸ್ಕ್ಯಾನ್ ಮಾಡಿಸಿ ಎಂದಿದ್ದರು. ಗಂಟಿನ ಸುದ್ದಿ ಕೇಳಿ ತಂಗಿ ಕಾರಿಡಾರಿನಲ್ಲೇ ಕೂತು ಅತ್ತಿದ್ದಳು. ಅಕ್ಕ ಅವಳ ಬೆನ್ನು ಸವರುತ್ತ, ಬಸ್ಸು ತಪ್ಪತ್ತೆ ಏಳೇ, ಅಂದಿದ್ದಳು.

“ಯಾವುದಾದ್ರೂ ಔಷಧಿ ಆಗಿಬರಲ್ವಾ? ದಮ್ಮು, ಮೈ ಕಡಿತ, ಹಾಗೇನಾದ್ರೂ?”

“ಅವಳಿಗೆ ಎಲ್ಲಾ ಆಗಿಬರತ್ತೆ ಸಾರ್. ಕಲ್ಲು ಕೊಟ್ರೂ ಅರಗಿಸ್ಕೋತಾಳೆ,” ಎಂದಳು ತಂಗಿ.

“ನೀವೇ ಹೇಳಿಬಿಟ್ರೆ ಹೇಗೆ? ಅವರು ಹೇಳಲಿ.”

“ಇಲ್ಲ,” ಎಂದಳು ಕಂಬದಮ್ಮ. ನಿಜವೇ. ಅವಳಿಗೆ ಗೊತ್ತಿದ್ದ ಮಟ್ಟಿಗೆ ಯಾವತ್ತೂ ಯಾವುದೂ ಆಗಿಬರದೆ ಇದ್ದದ್ದಿಲ್ಲ.

“ಸರಿ. ಈಗ ಡೈ ಹೋಗತ್ತೆ. ಮೈಯೆಲ್ಲ ಬಿಸಿಬಿಸಿ ಅನ್ಸತ್ತೆ, ಬಾಯಲ್ಲಿ ಕಬ್ಬಿಣದ ರುಚಿ ಬರತ್ತೆ, ಬಟ್ಟೇಲೇ ಆಗೋಯ್ತೇನೋ ಅನ್ನೋ ಹಾಗಾಗತ್ತೆ. ಆಗಿರಲ್ಲ. ಗಾಬರಿ ಆಗಬೇಡಿ.”

“ಯಾವ ಬಣ್ಣ?”

“ಯಾವುದು?”

“ಡೈ.”

“ಬಣ್ಣ ಇಲ್ಲಮ್ಮ, ನೀರಿನ ಥರ ಇರತ್ತೆ. ಒಳಗಿರೋದೆಲ್ಲ ಚಿತ್ರದಲ್ಲಿ ಎದ್ದು ಕಾಣಲಿ ಅಂತ ಹಾಕೋದು.”

“ಬಣ್ಣಾನೇ ಇಲ್ದೆ ಡೈ ಅಂತೀರಲ್ಲ. ನಮ್ಮ ಮೇಷ್ಟ್ರ ಕೈಗೆ ಸಿಕ್ಕಿದ್ರೆ ನಿಮ್ಮನ್ನ ಮತ್ತೆ ಮೊದಲನೇ ವರ್ಷದಲ್ಲಿ ಕೂರಿಸ್ತಾರೆ.”

ಅವನು ಜೋರಾಗಿ ನಕ್ಕ. ನಗುತ್ತಲೇ ಒಂದು ರಬ್ಬರಿನ ಬುರುಡೆಯನ್ನು ಅವಳ ಬಲ ಅಂಗೈಯಲ್ಲಿಟ್ಟು, ಬೆರಳುಗಳನ್ನು ಮಡಿಸಿದ. ಬುರುಡೆಯಿಂದ ಒಂದು ಸಣ್ಣ ನಳಿಕೆ ಗೋಡೆಯ ಕಡೆ ಹೋಗಿತ್ತು. “ಏನಾದ್ರೂ ತೊಂದ್ರೆ ಆದ್ರೆ ಇದನ್ನ ಒತ್ತಿ, ನನ್ನ ಹತ್ರ ಗಂಟೆ ಹೊಡೆಯತ್ತೆ. ಮಾತಾಡಬೇಡಿ, ಅಲ್ಲಾಡಬೇಡಿ. ನಾನು ಮೈಕಲ್ಲಿ ಹೇಳ್ತಿರ್ತೀನಿ, ಹಾಗೆ ಮಾಡಿ ಅಷ್ಟೆ.”

ತಂಗಿಯನ್ನು ಹೊರಗೆ ಕಳಿಸಿ, ತಾನು ಗಾಜಿನ ಹಿಂದಿನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡ.

ಕಂಬದಮ್ಮನ ಕೈಗೆ ಜನ ಏನೇನೋ ಕೊಟ್ಟಿದ್ದರು. ಹಣ್ಣು, ಪುಸ್ತಕ, ಛತ್ರಿ, ಒಮ್ಮೆ ಒಂದು ಸತ್ತ ಟೆಲಿಫೋನು. ಕೈಗೆ ಕೊಟ್ಟದ್ದನ್ನು ಹಿಡಿದುಕೊಳ್ಳುವುದು, ಗಟ್ಟಿಯಾಗಿಯೂ ಅಲ್ಲ, ಸಡಿಲವಾಗಿಯೂ ಅಲ್ಲ, ಕೊನೆಯವರೆಗೂ ಒಂದೇ ಸಮನಾಗಿ. ಬುರುಡೆಯನ್ನೂ ಹಾಗೆಯೇ ಹಿಡಿದುಕೊಂಡಳು.

ಮೇಜು ಸದ್ದಿಲ್ಲದೆ ಉಂಗುರದಂಥ ಯಂತ್ರದೊಳಕ್ಕೆ ಸರಿಯಿತು. ಉಸಿರು ತಗೊಳ್ಳಿ, ಹಿಡ್ಕೊಳ್ಳಿ, ಬಿಡಿ ಎಂದು ಮೈಕು ಹೇಳಿತು. ಬಿಸಿ ಬಂತು. ಗಂಟಲಿಂದ ಹೊಟ್ಟೆಗೆ, ಹೊಟ್ಟೆಯಿಂದ ತೊಡೆಗೆ ಇಳಿಯಿತು. ಕಬ್ಬಿಣದ ರುಚಿಯೂ ಬಂತು. ಹೇಳಿದ ಹಾಗೇ ಆಗ್ತಿದೆಯಲ್ಲ ಅಂತ ಅವಳಿಗೆ ಒಂದು ಥರ ಸಮಾಧಾನ.

ಅವನು ಹೇಳದೆ ಇದ್ದದ್ದು ಬಂದದ್ದು ಅದಾದ ಮೇಲೆ. ಮೊದಲು ಅಂಗೈ ಕೆರೆಯತೊಡಗಿತು. ಕೆರೆತಕ್ಕೆ ಅವಳ ಹತ್ತಿರ ಒಂದು ಉಪಾಯವಿತ್ತು, ಹೊಸದಾಗಿ ಕೂರಲು ಬಂದವರಿಗೂ ಹೇಳಿಕೊಡುತ್ತಿದ್ದಳು. ಮೂಗು ಕೆರೆದರೆ ಆ ಕೆರೆತ ನನ್ನದಲ್ಲ, ಕುರ್ಚಿಯದು ಅಂದುಕೊಳ್ಳಬೇಕು. ಬೆನ್ನು ನೋಯುತ್ತಿದ್ದರೆ ಆ ನೋವನ್ನು ಎದುರಿನ ಗೋಡೆಗೆ ಕೊಟ್ಟುಬಿಡಬೇಕು. ಒಂದಿಷ್ಟು ಹೊತ್ತು ಯಾರದೋ ವಸ್ತು ಅನ್ನುವ ಹಾಗೆ ದೂರದಿಂದ ನೋಡಿದರೆ, ಅದಕ್ಕೂ ಬೇಜಾರಾಗಿ ಎದ್ದುಹೋಗುತ್ತದೆ. ಅಂಗೈಯ ಕೆರೆತವನ್ನು ಮೇಜಿಗೆ ಕೊಟ್ಟಳು. ನೆತ್ತಿ ಕೆರೆಯಿತು, ಅದನ್ನೂ ಕೊಟ್ಟಳು. ತುಟಿ ದಪ್ಪವಾಗುತ್ತ ಬಂದು, ತನ್ನ ತುಟಿಯ ಮೇಲೆ ಇನ್ನಾರೋ ತುಟಿ ಇಟ್ಟಂತಾಯಿತು. ರೆಪ್ಪೆಗಳು ಭಾರವಾದವು. ಕಿವಿಯೊಳಗೆ ಬಿಸಿ. ಯಂತ್ರದ್ದು ಎಂದುಕೊಂಡಳು.

“ಕೊನೇ ಸುತ್ತಿಗೆ ಸ್ವಲ್ಪ ಕಾಯಬೇಕಮ್ಮ. ಹಾಗೇ ಇರಿ,” ಎಂದಿತು ಮೈಕು.

ಗಾಜಿನ ಆಚೆ ಸ್ಕ್ಯಾನಿನವನು ಪರದೆಯ ಮೇಲೆ ಬಂದ ಚಿತ್ರಗಳನ್ನು ನರ್ಸಿಗೆ ತೋರಿಸುತ್ತಿದ್ದ. “ನೋಡಿ ಇಲ್ಲಿ, ಅಚ್ಚು ಹಾಕಿದ ಹಾಗಿದೆ. ಬರೋರೆಲ್ಲ ಹೀಗಿದ್ದಿದ್ರೆ ನಾನು ಮಧ್ಯಾಹ್ನಕ್ಕೇ ಮನೆಗೆ ಹೋಗಬಹುದಿತ್ತು.” ಮೈಕಿನ ಗುಂಡಿ ಒತ್ತಿ, “ಆರಾಮಾ ಅಮ್ಮ?” ಎಂದು ಕೇಳಿದ. ಉತ್ತರವಿಲ್ಲ. “ಮಾತೂ ಆಡಲ್ಲ ಅಂದಿದ್ರಲ್ಲ!” ಎಂದು ನಕ್ಕು ಗುಂಡಿ ಬಿಟ್ಟ.

ಒಳಗೆ ಅವಳ ಗಂಟಲಿಗೆ ಯಾರೋ ನಿಧಾನವಾಗಿ, ಆತುರವಿಲ್ಲದೆ, ಹತ್ತಿ ತುಂಬುತ್ತಿದ್ದರು. ಉಸಿರು ಹಿಡ್ಕೊಳ್ಳಿ ಎಂದಾಗ ಹಿಡಿಯಲು ಅಷ್ಟಾಗಿ ಏನೂ ಉಳಿದಿರಲಿಲ್ಲ. ಇದ್ದಷ್ಟನ್ನೇ ಹಿಡಿದಳು. ಇನ್ನೇನು ಸಾಕು ಅನ್ನುತ್ತಾನೆ ಎಂದುಕೊಂಡಳು. ಬುರುಡೆ ಅವಳ ಕೈಯಲ್ಲಿ ಕೊಟ್ಟಾಗ ಇದ್ದ ಹಾಗೇ ದುಂಡಗಿತ್ತು.

ಚಿತ್ರಗಳು ಮುಗಿದವು. ಸ್ಕ್ಯಾನಿನವನು ಏನೋ ಗುನುಗುತ್ತ ಬಾಗಿಲು ತೆರೆದು ಒಳಗೆ ಬಂದ. ಗುನುಗು ಅಲ್ಲಿಗೇ ನಿಂತಿತು.

*

ತಂಗಿ ಹೊರಗೆ ಬೆಂಚಿನ ಮೇಲೆ ಕೂತು ಪಕ್ಕದ ಮುದುಕಿಗೆ ತನ್ನ ಕೆಲಸದ ಬಗ್ಗೆ ಹೇಳುತ್ತಿದ್ದಳು. ಅವಳು ಬಸ್‌ ನಿಲ್ದಾಣದಲ್ಲಿ ಮೈಕಿನ ಮುಂದೆ ಕೂತು ಬಸ್ಸು ಹೊರಡುವುದನ್ನು ಸಾರುವವಳು. ಇಡೀ ಊರಿಗೆ ಅವಳ ದನಿ ಗೊತ್ತು, ಮುಖ ಯಾರಿಗೂ ಗೊತ್ತಿಲ್ಲ. “ಅಕ್ಕಂದು ಉಲ್ಟಾ. ಮುಖ ಎಲ್ಲರಿಗೂ ಗೊತ್ತು, ದನಿ ಕೇಳಿದೋರಿಲ್ಲ,” ಎಂದು ಅವಳು ಹೇಳಿ ಮುಗಿಸುವಷ್ಟರಲ್ಲಿ ಬಾಗಿಲು ದಡಾರನೆ ತೆರೆದು, ಗಾಲಿಯ ಮಂಚವೊಂದನ್ನು ನೂಕಿಕೊಂಡು ಜನ ಓಡಿಬಂದರು. ತಂಗಿ ಕಾಲು ಒಳಗೆಳೆದುಕೊಂಡು ಜಾಗ ಬಿಟ್ಟಳು. ಮಂಚದ ಮೇಲಿದ್ದವಳ ಮುಖ ಅವಳಿಗೆ ಕಂಡಿತು. ಕಣ್ಣಿದ್ದ ಕಡೆ ಎರಡು ಗೆರೆ, ಊದಿದ ತುಟಿ, ಕತ್ತು ಯಾವುದು ಗಲ್ಲ ಯಾವುದು ತಿಳಿಯದು. ಪಾಪ, ಯಾರೋ, ಎಂದಳು ಮುದುಕಿಗೆ. ಮುದುಕಿಯೂ ಲೊಚಗುಟ್ಟಿದಳು.

ನರ್ಸು ತಿರುಗಿ ಬಂದು, “ನೀವು ಅವರ ಕಡೆಯೋರಲ್ವಾ? ಬನ್ನಿ,” ಎಂದಳು.

“ಅಲ್ಲ ಸಿಸ್ಟರ್. ನಮ್ಮಕ್ಕ ಇನ್ನೂ ಒಳಗಿದ್ದಾಳೆ.”

“ಒಳಗೆ ಯಾರೂ ಇಲ್ಲ.”

“ಇದ್ದಾಳೆ. ಚಪ್ಪಲಿ ನನ್ನ ಹತ್ರಾನೇ ಇದೆ ನೋಡಿ,” ಎಂದು ತಂಗಿ ಚಪ್ಪಲಿಗಳನ್ನು ಎತ್ತಿ ತೋರಿಸಿದಳು.

ನರ್ಸು ಅವಳ ತೋಳು ಹಿಡಿದು ಕರೆದುಕೊಂಡು ಹೋದಳು. ಅಷ್ಟರಲ್ಲಿ ತೊಡೆಗೆ ಒಂದು ಇಂಜೆಕ್ಷನ್ ಆಗಿತ್ತು. ಮುಖಕ್ಕೆ ಆಮ್ಲಜನಕದ ಮುಖವಾಡ, ಎತ್ತರಿಸಿಟ್ಟ ಕಾಲು, ನೇತುಹಾಕಿದ ಸಲೈನು. ಚಿಕ್ಕ ವಯಸ್ಸಿನ ಡಾಕ್ಟರಮ್ಮ ಒಬ್ಬಳು ಸ್ಟೆತಸ್ಕೋಪು ಹಿಡಿದು ಎದೆಯ ಮೇಲೆ ಬಾಗಿದ್ದಳು. ತಂಗಿಯ ಬಾಯಿಂದ ಬಂದದ್ದು ಅಳುವಲ್ಲ. ದಿನವಿಡೀ ಮೈಕಿನ ಮುಂದೆ ಕೂರುವ ಬಾಯಿಗೆ ಆ ಹೊತ್ತಿಗೆ ಸಿಕ್ಕಿದ್ದು ಅದೊಂದೇ. “ದಯವಿಟ್ಟು ಗಮನಿಸಿ,” ಎಂದಳು, ಇಡೀ ವಾರ್ಡು ತಿರುಗಿ ನೋಡುವ ಹಾಗೆ.

“ಗಮನಿಸ್ತಿದ್ದೀವಮ್ಮ. ಕೂತ್ಕೊಳ್ಳಿ,” ಎಂದಳು ಡಾಕ್ಟರಮ್ಮ.

*

ಮಧ್ಯಾಹ್ನ ಇಳಿಯುವ ಹೊತ್ತಿಗೆ ಕಂಬದಮ್ಮನನ್ನು ಉದ್ದನೆಯ ಒಂದು ಕೋಣೆಗೆ ಸಾಗಿಸಿದ್ದರು. ಮಂಚಕ್ಕೂ ಮಂಚಕ್ಕೂ ನಡುವೆ ಹಸಿರು ಪರದೆ, ಗೋಡೆಯಲ್ಲಿ ಒಂದೇ ಕಿಟಕಿ, ಕಿಟಕಿಯಾಚೆ ಇನ್ನೊಂದು ಗೋಡೆ. ಉಸಿರಾಟ ಸಲೀಸಾಗಿ, ಮುಖವಾಡ ತೆಗೆದಿದ್ದರು. ಊತ ಅರ್ಧಂಬರ್ಧ ಇಳಿದಿತ್ತು. ಮುಖ ಈಗ ಮೊದಲನೇ ವರ್ಷದವರು ಮಣ್ಣಿನಲ್ಲಿ ಮಾಡಿದ ಹಾಗಿತ್ತು; ಯಾರದೆಂದು ಹೇಳಬಹುದು, ಹೋಲುತ್ತದೆ ಎನ್ನುವ ಹಾಗಿಲ್ಲ.

“ಇದು ಅಲರ್ಜಿ ಥರದ್ದು,” ಎಂದಳು ಡಾಕ್ಟರಮ್ಮ. “ಆ ಡೈ ಒಬ್ಬೊಬ್ಬರಿಗೆ ಹೀಗೆ ಮಾಡಿಬಿಡತ್ತೆ. ತುಂಬಾ ಅಪರೂಪ.”

“ಥರದ್ದು ಅಂದ್ರೆ? ಅಲರ್ಜೀನೋ, ಅಲ್ವೋ?”

“ಮೈ ಒಳಗೆ ನಡೆಯೋ ದಾರಿ ಬೇರೆ ಇರಬಹುದು, ಹೊರಗೆ ಕಾಣೋದು ಒಂದೇ. ಕೊಡೋ ಔಷಧಿಯೂ ಒಂದೇ.”

“ಊದಿಕೊಂಡಿರೋಳಿಗೆ ದಾರಿ ಕಟ್ಕೊಂಡು ಏನಾಗಬೇಕು,” ಎಂದು ತಂಗಿ ಗೊಣಗಿದಳು.

ಡಾಕ್ಟರಮ್ಮನಿಗೆ ನಗು ಬಂದರೂ ತಡೆದುಕೊಂಡಳು. ಕಂಬದಮ್ಮನ ಕಡೆಗೆ ಬಾಗಿ, ಚಿಕ್ಕ ಮಕ್ಕಳಿಗೆ ಹೇಳುವಂತೆ ಬಿಡಿಸಿ ಬಿಡಿಸಿ ಹೇಳಿದಳು. “ನೋಡಿ ಅಮ್ಮ, ಇಂಜೆಕ್ಷನ್ ಶಕ್ತಿ ಇಳಿದ ಮೇಲೆ ಕೆಲವರಿಗೆ ಮತ್ತೊಂದು ಸಲ ಬರತ್ತೆ. ಬರದೇನೂ ಇರಬಹುದು. ಬಂದ್ರೆ ಗಂಟಲ ಒಳಗೆ ಮೊದಲು ಶುರುವಾಗಬಹುದು, ಹೊರಗೆ ನಮಗೆ ಕಾಣೋ ಹೊತ್ತಿಗೆ ತಡ ಆಗಿರತ್ತೆ. ನಿಮಗೆ ಮಾತ್ರ ಮೊದಲು ಗೊತ್ತಾಗೋದು. ನಾಲಿಗೆ ದಪ್ಪ ಅನ್ನಿಸಲಿ, ಅಂಗೈ ಕೆರೀಲಿ, ಗಂಟಲಲ್ಲಿ ಒಂಚೂರು ಕಿಚಕಿಚ ಅನ್ನಲಿ, ತಕ್ಷಣ ಹೇಳಬೇಕು. ಹೇಳಿದ್ರೆ ಏನೂ ಹೆದರಿಕೆ ಇಲ್ಲ. ಹೇಳದೇ ಇದ್ರೆ ಕಷ್ಟ.”

“ಹೂಂ,” ಎಂದಳು ಕಂಬದಮ್ಮ.

“ಇವಳು ಹೇಳಲ್ಲ ಡಾಕ್ಟ್ರೇ,” ಎಂದಳು ತಂಗಿ. “ನಾನು ಈಗಲೇ ಬರೆದುಕೊಡ್ತೀನಿ ಬೇಕಾದ್ರೆ. ಇವಳು ಹೇಳೋಳಲ್ಲ.”

ಡಾಕ್ಟರಮ್ಮ ಹೋದ ಮೇಲೆ ಪರದೆಯಾಚೆಯಿಂದ ಒಂದು ಗಂಡುದನಿ ಕೇಳಿಸಿತು. ಪಕ್ಕದ ಮಂಚದಲ್ಲಿ ಬೇಕರಿಯವನೊಬ್ಬ, ಒಲೆಯ ಬಾಗಿಲು ತಗುಲಿ ತೋಳು ಸುಟ್ಟುಕೊಂಡು ಮಲಗಿದ್ದ. “ಏನಾಯ್ತಂತಮ್ಮ ನಿಮ್ಮಕ್ಕನಿಗೆ?”

“ಡೈ ಹಾಕಿದ್ರು ಅಣ್ಣ, ಮುಖ ಊದಿಬಿಡ್ತು.”

“ನಮ್ಮ ಮನೆಯೋಳಿಗೂ ಹಾಗೇ ಆಗಿತ್ತು. ಈಗ ಕೂದಲು ಬೆಳ್ಳಗೇ ಬಿಟ್ಟಿದ್ದಾಳೆ.”

“ಅಯ್ಯೋ, ಕೂದಲಿಗಲ್ಲ ಅಣ್ಣ, ಕಿಡ್ನಿಗೆ!”

“ಕಿಡ್ನಿಗೆ ಯಾಕಮ್ಮ ಡೈ? ಯಾರು ನೋಡ್ತಾರೆ?”

ಬೇರೆ ಯಾವಾಗಲಾದರೂ ಆಗಿದ್ದರೆ ಇದಕ್ಕೆ ಅಕ್ಕತಂಗಿಯರಿಬ್ಬರೂ ನಕ್ಕು ನಕ್ಕು ಸುಸ್ತಾಗುತ್ತಿದ್ದರು. ಈಗ ತಂಗಿ ಅಕ್ಕನ ಮುಖ ನೋಡಿದಳು. ಆ ಮುಖದಲ್ಲಿ ನಗು ಬಂದಿದ್ದರೂ ಗೊತ್ತಾಗುವ ಹಾಗಿರಲಿಲ್ಲ.

ಸ್ಕ್ಯಾನಿನವನು ಬಂದು ಮಂಚದ ಬುಡದಲ್ಲಿ ನಿಂತ. ಬೆಳಗ್ಗೆ ಅಷ್ಟು ನಗಿಸಿದ್ದವನು ಈಗ ಕೈಯನ್ನು ಎಲ್ಲಿಡಬೇಕೋ ತಿಳಿಯದೆ ಜೇಬಿಗೆ ಹಾಕಿ, ತೆಗೆದು, ಮತ್ತೆ ಹಾಕಿದ.

“ನಾನು ಒಳಗೆ ಬಂದು ನೋಡಬೇಕಿತ್ತು, ಅಮ್ಮ. ಮೈಕಲ್ಲಿ ಕೇಳಿ ಸುಮ್ಮನಾಗಬಾರದಿತ್ತು.”

“ಮಾತಾಡಬೇಡಿ ಅಂದಿದ್ರಿ.” ಊದಿದ ನಾಲಿಗೆಯಲ್ಲಿ ಮಾತು ಒದ್ದೆ ಬಟ್ಟೆಯ ಹಾಗೆ ಬಿತ್ತು.

“ಅಂದಿದ್ದೆ. ಆದ್ರೆ ಬುರುಡೆ ಕೊಟ್ಟಿದ್ನಲ್ಲ? ಅದನ್ನ ಯಾಕೆ ಒತ್ತಲಿಲ್ಲ?”

“ಹಿಡ್ಕೊಂಡಿದ್ದೆ.”

“ಹಿಡ್ಕೊಳ್ಳೋಕಲ್ಲಮ್ಮ ಅದು! ಒತ್ತೋಕೆ!”

ಕಂಬದಮ್ಮ ಅದನ್ನು ಯೋಚಿಸಿದಳು. ಅವನು ಒತ್ತಿ ಅಂದಿದ್ದ, ನೆನಪಿತ್ತು. ತೊಂದರೆ ಆದರೆ ಅಂದಿದ್ದ. ಅದು ತೊಂದರೆ ಎಂದು ಅವಳಿಗೆ ಯಾವ ಘಳಿಗೆಯಲ್ಲೂ ಅನ್ನಿಸಿರಲಿಲ್ಲ. ಅದನ್ನು ಹೇಗೆ ಹೇಳುವುದೋ ತಿಳಿಯದೆ ಕೇಳಿದಳು, “ಚಿತ್ರ ಸರಿಯಾಗಿ ಬಂತಾ?”

“ಬಂತು,” ಎಂದ ಅವನು. “ಅಂಥ ಚಿತ್ರ ನಾನು ಈ ಕೆಲಸಕ್ಕೆ ಸೇರಿದ ಮೇಲೆ ನೋಡಿಲ್ಲ. ಒಂದು ಗೆರೆ ಅಲ್ಲಾಡಿಲ್ಲ.” ಹೇಳುವಾಗ ದನಿಯಲ್ಲಿ ಒಂದಿಷ್ಟು ಹೆಮ್ಮೆ ಬಂದುಬಿಟ್ಟಿತು. ಅದು ತನಗೇ ಕೇಳಿಸಿ, ತಲೆ ತಗ್ಗಿಸಿದ. “ಅದರಲ್ಲಿ ಏನಿದೆ ಅಂತ ದೊಡ್ಡ ಡಾಕ್ಟ್ರು ನಾಳೆ ಬಂದು ಹೇಳ್ತಾರೆ. ಈಗ ಅದರ ಯೋಚನೆ ಬೇಡ.”

“ಇಲ್ಲ, ಮಾಡ್ತಿಲ್ಲ.”

ಅದೂ ನಿಜವೇ. ಅವನು ಹೋಗುವಾಗ ತಂಗಿಯನ್ನು ಪಕ್ಕಕ್ಕೆ ಕರೆದು ಪಿಸುಗುಟ್ಟಿದ, “ದನಿ ಬದಲಾಗತ್ತೇನೋ ನೋಡ್ತಿರಿ ಮೇಡಮ್. ಮಾತಾಡಿಸ್ತಾ ಇರಿ.”

ಮಾತಾಡಿಸುವುದು ತಂಗಿಗೆ ಹೇಳಿಕೊಡಬೇಕಾದ ಕೆಲಸವಲ್ಲ. ಸ್ಟೂಲನ್ನು ಎಳೆದುಕೊಂಡು ಕೂತಳು. ನೀರು ಬೇಕಾ, ಬೇಡ. ದಿಂಬು ಎತ್ತರ ಆಯ್ತಾ, ಇಲ್ಲ. ಕೆರೀತಿದ್ಯಾ, ಇಲ್ಲ. ಉಸಿರು ಸರಿ ಬರ್ತಿದ್ಯಾ, ಹೂಂ. ಕಸದ ಡಬ್ಬಿಗೆ ಕಾಗದ ಹಾಕಿದಂತೆ ಒಂದೊಂದೇ ಮಾತು. ಕೊನೆಗೆ ತಂಗಿಗೆ ರೇಗಿತು.

“ಏನಕ್ಕಾ ಇದು, ಉದ್ದಕ್ಕೆ ಒಂದು ವಾಕ್ಯ ಹೇಳೇ! ದನಿ ಹೇಗೆ ಗೊತ್ತಾಗಬೇಕು ನನಗೆ?”

“ಏನು ಹೇಳಲಿ?”

“ಏನಾದ್ರೂ. ಬೈಯಾದ್ರೂ ಬೈಯಿ.”

“ನೀನೇನು ಮಾಡಿದ್ದೀಯ ಬೈಯೋಕೆ?”

“ಕಲ್ಲು ಕೊಟ್ರೂ ಅರಗಿಸ್ಕೋತಾಳೆ ಅಂದ್ನಲ್ಲ ನಾನು ಬೆಳಗ್ಗೆ, ಅದಕ್ಕೆ ಬೈಯಿ.” ತಂಗಿಯ ಕಣ್ಣು ತುಂಬಿ ಬಂತು. ಒರೆಸಿಕೊಳ್ಳದೆ ಹಾಗೆಯೇ ಮುಂದುವರಿಸಿದಳು. “ಭಾವ ಹೋದಾಗಲೂ ಹೀಗೇ ಕೂತಿದ್ದೆ ನೀನು. ಬಂದೋರೆಲ್ಲ ನನ್ನ ಹಿಡ್ಕೊಂಡು ಅತ್ತರು, ನಿನ್ನ ಹತ್ರ ಬರೋಕೆ ಹೆದರಿದರು. ಒಂದ್ಸಲಾನೂ ಅಳಬೇಕು ಅನ್ನಿಸಲಿಲ್ವಾ ನಿನಗೆ?”

ಕಂಬದಮ್ಮ ನೆನಪಿಸಿಕೊಂಡಳು. ಆವತ್ತು ಮನೆಯ ತುಂಬ ಜನ, ಬಾಗಿಲಲ್ಲಿ ಚಪ್ಪಲಿಯ ರಾಶಿ. ಎದೆಯ ಹತ್ತಿರ ಏನೋ ಎದ್ದು ನಿಂತದ್ದು ಹೌದು. ಅವಳು ಅದನ್ನು ದೂರದಿಂದ ನೋಡಿದ್ದಳು.

“ಅನ್ನಿಸ್ತು. ಆಮೇಲೆ ಹೋಯ್ತು.”

“ಎಲ್ಲಿಗೆ ಹೋಯ್ತು?”

“ನನಗೇನು ಗೊತ್ತು? ಸ್ವಲ್ಪ ಹೊತ್ತು ಸುಮ್ಮನೆ ಕೂತ್ರೆ ಎಲ್ಲಾ ಹೋಗತ್ತೆ ಕಣೇ.”

“ಇದು ಹೋಗಲ್ಲ,” ಎಂದಳು ತಂಗಿ. ಬಸ್ಸುಗಳನ್ನು ಕಳಿಸುವ ದನಿಯಲ್ಲ, ಅವಳೊಳಗೆ ಇನ್ನೊಂದು ಸಣ್ಣ ದನಿಯೂ ಇತ್ತು. “ಸುಮ್ಮನಿದ್ರೆ ನೀನು ಹೋಗ್ತೀಯ. ಅಷ್ಟೆ.”

ಪರದೆಯಾಚೆ ಬೇಕರಿಯವನು ಕೆಮ್ಮಿ, ಕೇಳಿಸಿಕೊಂಡಿಲ್ಲ ಎನ್ನುವ ಹಾಗೆ ಮಗ್ಗುಲಾದ.

*

ಕಿಟಕಿಯಾಚೆಯ ಗೋಡೆಯಿಂದ ಬಿಸಿಲು ಮೇಲೇರಿ ಹೋಗಿತ್ತು. ನರ್ಸು ಬಂದು ರಕ್ತದೊತ್ತಡ ನೋಡಿ, ಪರವಾಗಿಲ್ಲ ಎಂದು ಹೋದಳು. ತಂಗಿಯ ಫೋನು ಹೊಡೆದುಕೊಂಡಿತು. ಸಂಜೆಯ ಪಾಳಿಗೆ ಅವಳ ಬದಲು ಬಂದವಳು ಬಸ್ಸುಗಳ ಹೆಸರನ್ನು ತಪ್ಪು ತಪ್ಪು ಸಾರಿ, ಜನ ಬೇರೆ ಬೇರೆ ಬಸ್ಸು ಹತ್ತಿ ಕೂತು, ನಿಲ್ದಾಣದಲ್ಲಿ ದೊಡ್ಡ ರಾದ್ಧಾಂತವಾಗಿತ್ತು. ತಂಗಿ ಕಿಟಕಿಯ ಹತ್ತಿರ ಹೋಗಿ, ಬೆನ್ನು ಹಾಕಿ ನಿಂತು, ಒಂದು ಕಿವಿ ಮುಚ್ಚಿಕೊಂಡು ಮಾತಾಡತೊಡಗಿದಳು. “ಇಲ್ಲಮ್ಮ, ಮೂರನೇ ಅಂಕಣ... ಅಲ್ಲ, ಮೊದಲು ಊರು ಹೇಳು, ಆಮೇಲೆ ಅಂಕಣ...”

ಕಂಬದಮ್ಮನ ಅಂಗಾಲು ಕೆರೆಯಿತು.

ತಾನು ಏನು ಮಾಡುತ್ತಿದ್ದೇನೆ ಎಂದು ಗೊತ್ತಾಗುವ ಮೊದಲೇ ಅದನ್ನು ಮಂಚಕ್ಕೆ ಕೊಟ್ಟಾಗಿತ್ತು. ಅಷ್ಟು ವರ್ಷದ ಅಭ್ಯಾಸ. ಕೆರೆತ ಮಂಚದ ಹತ್ತಿರ ಇರದೆ ಮೊಣಕಾಲಿಗೆ ಬಂತು, ಬೆನ್ನಿಗೆ ಹೋಯಿತು, ಕಿವಿಯ ಹಿಂದೆ ಕೂತಿತು. ಅವಳು ಚಾವಣಿ ನೋಡುತ್ತ ಮಲಗಿದ್ದಳು. ಡಾಕ್ಟರಮ್ಮ ಹೇಳಿದ್ದು ಪೂರ್ತಿ ನೆನಪಿತ್ತು. ಹೇಳಬೇಕು ಅಂದಿದ್ದಾಳೆ, ಹೇಳೋಣ, ತಂಗಿಯ ಫೋನು ಮುಗಿಯಲಿ. ಜನ ಪಾಪ ಬೇರೆ ಬಸ್ಸಿನಲ್ಲಿ ಕೂತಿದ್ದಾರಲ್ಲ.

ನಾಲಿಗೆ ಹಲ್ಲಿಗೆ ತಾಗಿತು. ಬಾಯಲ್ಲಿ ಅದಕ್ಕೆ ಜಾಗ ಸಾಲುತ್ತಿರಲಿಲ್ಲ.

ವಿಚಿತ್ರವೆಂದರೆ ಅವಳಿಗೆ ಹೆದರಿಕೆಯಾಗಲಿಲ್ಲ. ಎಲ್ಲವೂ ಕೋಣೆಯ ಆ ತುದಿಯಲ್ಲಿ ಯಾರಿಗೋ ಆಗುತ್ತಿದ್ದಂತೆ ಇತ್ತು. ಆ ಯಾರೋ ಮಲಗಿದ್ದಾಳೆ, ಅವಳ ಗಂಟಲಿಗೆ ಹತ್ತಿ ತುಂಬುತ್ತಿದ್ದಾರೆ, ಅವಳು ಚೆನ್ನಾಗಿಯೇ ಮಲಗಿದ್ದಾಳೆ, ಒಂದು ಬೆರಳೂ ಅಲ್ಲಾಡುತ್ತಿಲ್ಲ. ಇನ್ನೊಂದಿಷ್ಟು ಹೊತ್ತು ಹೀಗೇ ಇದ್ದರೆ ಆಯಿತು. ಯಾರೂ ಸಾಕು ಎಂದಿಲ್ಲ.

ಇಲ್ಲಿ ಸಾಕು ಅನ್ನುವವರು ಯಾರೂ ಇಲ್ಲ ಎನ್ನುವುದೂ ಅಷ್ಟೇ ದೂರದಿಂದ ಅವಳ ತಲೆಗೆ ಬಂತು.

“ಲೇ,” ಎಂದಳು. ಬಂದದ್ದು ಗಾಳಿ ಮಾತ್ರ. ಕಿಟಕಿಯ ಹತ್ತಿರದವಳಿಗೆ ಅದು ಮುಟ್ಟಲಿಲ್ಲ. “...ಅಯ್ಯೋ, ಆ ಬಸ್ಸು ಹೊರಟೇ ಹೋಯ್ತಾ?” ಎನ್ನುತ್ತಿದ್ದಳು.

“ಏನೋ ಅಂದ್ರಾ ಅಮ್ಮ?” ಪರದೆಯಾಚೆಯಿಂದ ಬೇಕರಿಯವನು ಕೇಳಿದ.

ಏನಿಲ್ಲ ಎನ್ನುವುದು ಅವಳಿಗೆ ಹುಟ್ಟಿದಾಗಿನಿಂದ ಬರುತ್ತಿದ್ದ ಮಾತು. ಬೇರೆಲ್ಲ ಮಾತುಗಳಿಗಿಂತ ಮುಂದೆ ನಿಂತಿರುತ್ತಿತ್ತು. ಈಗಲೂ ಅದೇ ತುಟಿಯವರೆಗೆ ಬಂತು. ಅವಳು ಅದನ್ನು ನುಂಗಲು ನೋಡಿದಳು. ನುಂಗಲಾಗಲಿಲ್ಲ, ಗಂಟಲು ಅಷ್ಟು ಕಟ್ಟಿತ್ತು. ಆಗ ಮೊದಲ ಬಾರಿಗೆ ಆ ಗಂಟಲು ಕೋಣೆಯ ತುದಿಯಿಂದ ಅಷ್ಟು ದೂರ ನಡೆದು ಬಂದು ಅವಳದಾಯಿತು.

ಕೈ ಎತ್ತಿ ಪರದೆಯನ್ನು ಹಿಡಿದು ಎಳೆದಳು. ಕೊಂಡಿಗಳು ಕಿರಗುಟ್ಟಿದವು.

“ಕರೀರಿ,” ಎಂದಳು. “ಮತ್ತೆ ಬಂತು. ಕರೀರಿ.”

ಬೇಕರಿಯವನು ಮುಖ ನೋಡಿದವನೇ ಎದ್ದು ಕೂತು, ಒಲೆಯ ಮುಂದೆ ನಿಂತು ಬೀದಿಯ ಆ ತುದಿಯವರನ್ನು ಕೂಗುವ ಗಂಟಲಲ್ಲಿ “ಸಿಸ್ಟರ್! ಇಲ್ಲಿ! ಇಲ್ಲಿ!” ಎಂದು ಅಬ್ಬರಿಸಿದ. ತಂಗಿಯ ಕೈಯಿಂದ ಫೋನು ಜಾರಿತು. ಆಮೇಲೆ ಎಲ್ಲ ಬೆಳಗಿನ ಹಾಗೆಯೇ, ಓಡುವ ಕಾಲುಗಳು, ಮುಖವಾಡ, ತೊಡೆಗೆ ಸೂಜಿ. ಬೇರೆಯಾಗಿದ್ದದ್ದು ಇಷ್ಟೇ, ಈ ಸಲ ಮುಖ ಇನ್ನೂ ಪೂರ್ತಿ ಊದಿರಲಿಲ್ಲ, ಉಸಿರು ಇನ್ನೂ ಒಳಕ್ಕೆ ಹೊರಕ್ಕೆ ಆಡುತ್ತಿತ್ತು. ಡಾಕ್ಟರಮ್ಮ ಎದೆಯಿಂದ ಸ್ಟೆತಸ್ಕೋಪು ತೆಗೆದು, “ಒಳ್ಳೇ ಹೊತ್ತಿಗೆ ಹೇಳಿದ್ರಿ,” ಎಂದಳು.

ನರ್ಸಿಗೆ ಏನೇನೋ ಹೇಳಿ, ಇಲ್ಲೇ ಇರ್ತೀನಿ ಎಂದು ಡಾಕ್ಟರಮ್ಮ ಕೋಣೆಯ ಮೂಲೆಯ ಕುರ್ಚಿಯಲ್ಲೇ ಕೂತಳು. ಬೇಕರಿಯವನು ಮರ್ಯಾದೆಗೆ ಪರದೆಯನ್ನು ಅರ್ಧ ಎಳೆದುಕೊಂಡ. ತಂಗಿ ತನ್ನ ಕೈಚೀಲವನ್ನು ಮಂಚದ ತುದಿಗಿಟ್ಟು, ಅಕ್ಕನ ಕಾಲ ಹತ್ತಿರ ಕೂತಳು. ಉಸಿರಿನ ಸದ್ದು ಹಗುರವಾಗುತ್ತ ಬಂದು, ಮುಖವಾಡ ಮತ್ತೆ ತೆಗೆದರು.

“ಈಗ ಹೇಗಿದೆ?” ತಂಗಿ ಕೇಳಿದಳು. ಕೇಳಿದ್ದು ಅಭ್ಯಾಸಕ್ಕೆ, ಉತ್ತರ ಬರುತ್ತದೆಂದಲ್ಲ.

“ಎದೆ ಹೊಡ್ಕೋತಿದೆ,” ಎಂದಳು ಕಂಬದಮ್ಮ. “ಕೈ ನಡುಗ್ತಿದೆ. ಸೂಜಿ ಚುಚ್ಚಿದ ಕಡೆ ಉರೀತಿದೆ. ತಲೆ ಕೆರೀತಿದೆ, ಆದ್ರೆ ಆಗಿನಷ್ಟಿಲ್ಲ. ದಿಂಬು ಗಟ್ಟಿ. ಇದು ಆಗಲೂ ಗಟ್ಟೀನೇ ಇತ್ತು.”

“ಆಗ ಕೇಳಿದ್ನಲ್ಲೇ!”

“ಹೂಂ, ಕೇಳಿದ್ದೆ ನೀನು.”

“ಇನ್ನೂ ಏನಾದ್ರೂ ಬಾಕಿ ಇದ್ಯಾ ಮಹಾರಾಣಿ? ಡಾಕ್ಟ್ರು ಇಲ್ಲೇ ಇದ್ದಾರೆ, ಎಲ್ಲ ಒಟ್ಟಿಗೇ ಹೇಳಿಬಿಡು.”

ಕಂಬದಮ್ಮ ಕಣ್ಣು ಮುಚ್ಚಿ, ಮೇಲಿನಿಂದ ಕೆಳಗಿನವರೆಗೆ ತನ್ನನ್ನೇ ಒಮ್ಮೆ ನೋಡಿಕೊಂಡು ಬಂದಳು. ಸಮಯ ತೆಗೆದುಕೊಂಡಳು.

“ಎಡಗಾಲು ಜೋಮು ಹಿಡಿದಿದೆ.”

“ಯಾವಾಗಿಂದ?”

“ಬೆಳಗ್ಗೆ ಕಾಲು ಎತ್ತಿಟ್ಟಿದ್ರಲ್ಲ, ಆವಾಗಿಂದ.”

ತಂಗಿ ಹೊದಿಕೆ ಸರಿಸಿ, ಆ ಪಾದವನ್ನು ಎರಡೂ ಕೈಯಲ್ಲಿ ಹಿಡಿದು, ಬಟ್ಟೆ ಒಗೆಯುವವರ ಹಾಗೆ ಬಿರುಸಾಗಿ ತಿಕ್ಕತೊಡಗಿದಳು. ಮೊದಮೊದಲು ಅದು ಯಾರದೋ ಕಾಲಿನ ಹಾಗೆ ತಣ್ಣಗೆ ಬಿದ್ದಿತ್ತು. ಆಮೇಲೆ ರಕ್ತ ಹರಿದು, ಜುಮುಜುಮು ಏರಿ, ಕಾಲು ತಾನಾಗಿ ಎಗರಿ ಮಂಚದ ತುದಿಯಲ್ಲಿದ್ದ ಕೈಚೀಲವನ್ನು ಒದ್ದುಬಿಟ್ಟಿತು. ಚೀಲ ಬಾಯಿ ತೆರೆದುಕೊಂಡು ಬಿದ್ದು, ಅದರಲ್ಲಿದ್ದ ಬಾಚಣಿಗೆ ನೆಲದ ಮೇಲೆ ಜಾರುತ್ತ ಪರದೆಯ ಅಡಿಯಿಂದ ಆಚೆ ಹೋಯಿತು. ಸ್ವಲ್ಪ ಹೊತ್ತಿಗೆ ಬೇಕರಿಯವನ ಸುಟ್ಟಿರದ ಕೈ ಪರದೆಯ ಕೆಳಗೆ ಕಾಣಿಸಿಕೊಂಡು, ಬಾಚಣಿಗೆಯನ್ನು ಈಚೆ ನೂಕಿತು.